ಬೆಳಗಿನ ಸೈಕಲ್ ದಾರಿ: ಮೈಸೂರಿನ ಹೊಸ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಮೈಸೂರಿನ ಹಾಸ್ಟೆಲುಗಳಿಗೆ ಈ ವರ್ಷ ಹೊಸದಾಗಿ ಬಂದಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ,

ಮೈಸೂರಿನಲ್ಲಿ ಸೂರ್ಯ ಮೂಡುವ ಹೊತ್ತು ವರ್ಷವಿಡೀ ಹೆಚ್ಚು ಹಿಂದೆಮುಂದೆ ಆಗುವುದಿಲ್ಲ. ಮೇ ಕೊನೆಯಲ್ಲಿ ಆರು ಗಂಟೆಗೆ ಕೆಲವೇ ನಿಮಿಷ ಮುಂಚೆ, ಜನವರಿ ಕೊನೆಯಲ್ಲಿ ಸುಮಾರು 6.50ಕ್ಕೆ. ಊರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮಭಾಜಕ ವೃತ್ತಕ್ಕೆ ಸಾಕಷ್ಟು ಹತ್ತಿರದಲ್ಲಿರುವುದರಿಂದ ಈ ಅಂತರ ಒಂದು ಗಂಟೆಯನ್ನೂ ಮುಟ್ಟುವುದಿಲ್ಲ. ರಸ್ತೆಯ ಗುಂಡಿ ಕಣ್ಣಿಗೆ ಕಾಣುವಷ್ಟು ಬೆಳಕು ಸೂರ್ಯನಿಗಿಂತ ಇಪ್ಪತ್ತು ನಿಮಿಷ ಮೊದಲೇ ಬಂದಿರುತ್ತದೆ. ಶಾಲಾ ವ್ಯಾನುಗಳು ರಸ್ತೆಗಿಳಿಯುವುದು ಏಳೂಕಾಲರ ಆಸುಪಾಸಿಗೆ. ಬೆಳಗಿನ ಸೈಕಲ್ ಸವಾರಿಗೆ ಸಿಗುವುದು ಇವೆರಡರ ನಡುವಿನ ಹೊತ್ತು. ಬೇಸಿಗೆಯಲ್ಲಿ ಅದು ಒಂದೂವರೆ ಗಂಟೆ ದಾಟುತ್ತದೆ, ಚಳಿಗಾಲದಲ್ಲಿ ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಚಾಮುಂಡಿ ಬೆಟ್ಟ ಹತ್ತುವ ಆಸೆಯಿದ್ದರೆ ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಕು.

ಆತುರವಿಲ್ಲದ ಸೈಕಲ್ಲು ಗಂಟೆಗೆ ಹನ್ನೆರಡರಿಂದ ಹದಿನೈದು ಕಿಲೋಮೀಟರ್ ಸಾಗುತ್ತದೆ. ನಡೆಯುವವರಿಗಿಂತ ಮೂರು ಪಟ್ಟು ದೂರ ಹೋಗಬಹುದು, ಆದರೂ ಮರದ ಮೇಲಿನ ಹಕ್ಕಿ ಯಾವುದೆಂದು ಗುರುತಿಸುವಷ್ಟು ನಿಧಾನ. ಸೀಟಿನ ಮೇಲೆ ಕೂತವರ ಕಣ್ಣು ಹಳೆಯ ಮನೆಗಳ ಕಾಂಪೌಂಡ್ ಗೋಡೆಯ ಮೇಲಿಂದ ಹಾಯುತ್ತದೆ. ಎಂಜಿನ್ನಿನ ಸದ್ದಿಲ್ಲದ್ದರಿಂದ ಕಿವಿಗೂ ಕೆಲಸವಿರುತ್ತದೆ. ಇದೆಲ್ಲಕ್ಕಿಂತ ಹೆಚ್ಚಾಗಿ, ಊರಿನ ಏರು ತಗ್ಗು ಕಾಲಿಗೆ ತಿಳಿಯುತ್ತದೆ. ಸ್ಕೂಟರಿನಲ್ಲಿ ಓಡಾಡುವವರಿಗೆ ಮೈಸೂರು ಸಪಾಟಾದ ಊರು. ಸೈಕಲ್ ತುಳಿಯುವವರಿಗೆ ಅದು ದಿಣ್ಣೆ ಮತ್ತು ಕೆರೆಯಂಗಳಗಳ ಊರು. ಉತ್ತರಕ್ಕೆ ಬಿದ್ದ ಮಳೆ ಕಾವೇರಿಯ ಕಡೆಗೆ, ದಕ್ಷಿಣಕ್ಕೆ ಬಿದ್ದದ್ದು ಕಬಿನಿಯ ಕಡೆಗೆ ಹರಿದುಹೋಗುವ ನೆಲ ಇದು. ಈ ಪತ್ರದಲ್ಲಿ ಹೇಳಿರುವ ದಾರಿಯ ಬಹುಪಾಲು ನೀರು ಇದ್ದ ಅಥವಾ ಇರುವ ಜಾಗಗಳನ್ನೇ ಹಾದು ಹೋಗುತ್ತದೆ.

ಮಾನಸಗಂಗೋತ್ರಿಯ ಹಾಸ್ಟೆಲುಗಳಿಂದ ಹೊರಟವರಿಗೆ ಮೊದಲು ಸಿಗುವುದು ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಊರಿನ ಹೊರಗಿನ ಜಮೀನುಗಳಿಗೆ ನೀರುಣಿಸಲು ಕಟ್ಟಿದ ಕೆರೆ ಇದು. ಇಂದು ಸುತ್ತಲೂ ಊರೇ ಇದೆ, ಜಮೀನುಗಳಿಲ್ಲ. ಏರಿಯ ಮೇಲಿನ ದಾರಿ ನಡೆಯುವವರದು, ಆದ್ದರಿಂದ ಸೈಕಲ್ಲನ್ನು ಗೇಟಿನ ಬಳಿ ಬೀಗ ಹಾಕಿ ನಿಲ್ಲಿಸಿ ಹೋಗುವುದು ಸರಿ. ಕುವೆಂಪು ಅವರು ಈ ಕೆರೆಯ ಸುತ್ತ ನಡೆದಾಡಿದವರು, ಅದರ ಮೇಲೆ ಕವಿತೆ ಬರೆದವರು. ಪಕ್ಕದ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರೂ ಅವರದೇ. ಆರ್.ಕೆ. ನಾರಾಯಣ್ ಕೂಡ ಇಲ್ಲಿ ಓಡಾಡಿದವರೇ. ಅವರ ಯಾದವಗಿರಿಯ ಮನೆ ಈಗ ಸ್ಮಾರಕವಾಗಿದೆ, ಆದರೆ ಬೆಳಗಿನ ಆರಕ್ಕೆ ಅದರ ಬಾಗಿಲು ತೆರೆದಿರುವುದಿಲ್ಲ.

ಕೆರೆಯ ಹಕ್ಕಿಗಳಿಗೂ ಒಂದು ವೇಳಾಪಟ್ಟಿ ಇದೆ. ಬೆಳಕು ಹರಿಯುವ ಮುಂಚೆ ದನಿ ತೆಗೆಯುವವರಲ್ಲಿ ಕಾಜಾಣ ಮೊದಲಿನದು. ಮಾರ್ಚಿನಿಂದ ಮೇವರೆಗೆ ಮಡಿವಾಳ ಹಕ್ಕಿಯ ಸಿಳ್ಳೆ ಅದರ ಬೆನ್ನಿಗೇ ಬರುತ್ತದೆ. ಬೆಳಕು ಬಿಟ್ಟಂತೆ ಬೆಳ್ಳಕ್ಕಿ ಮತ್ತು ನೀರುಕಾಗೆಗಳು ರಾತ್ರಿ ತಂಗಿದ ಮರ ಬಿಟ್ಟು ಸಾಲಾಗಿ ಹೊರಡುತ್ತವೆ. ಇರುಳು ಬಕಗಳು ಅದೇ ಹೊತ್ತಿಗೆ ಎದುರು ದಿಕ್ಕಿನಿಂದ ಮರಳುತ್ತವೆ, ಅವುಗಳ ಪಾಳಿ ಮುಗಿದಿರುತ್ತದೆ. ಹೆಜ್ಜಾರ್ಲೆಗೆ ಮಾತ್ರ ಅವಸರವಿಲ್ಲ. ಅದು ಭಾರದ ಹಕ್ಕಿ, ದೂರ ಹೋಗಬೇಕಾದರೆ ನೆಲ ಕಾದು ಮೇಲೇಳುವ ಬಿಸಿಗಾಳಿಯನ್ನು ಆಶ್ರಯಿಸುತ್ತದೆ. ಹಾಗಾಗಿ ಬೆಳಗಿನ ಆರೂವರೆಗೆ ಅದು ಹೆಚ್ಚಾಗಿ ನೀರಿನ ಮೇಲೋ ಮರದ ಮೇಲೋ ಕೂತಿರುವುದೇ ಕಾಣುತ್ತದೆ. ಹಾವಕ್ಕಿ ಮುಳುಗೆದ್ದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನು ನೋಡಲು ಸ್ವಲ್ಪ ಬಿಸಿಲು ಬರಬೇಕು, ಅಷ್ಟು ಹೊತ್ತು ನಿಂತರೆ ಮುಂದೆ ಸಿಗುವ ದೇವರಾಜ ಮಾರುಕಟ್ಟೆ ತಪ್ಪುತ್ತದೆ. ಎರಡೂ ಒಂದೇ ದಿನ ಆಗುವುದಿಲ್ಲ. ಹಕ್ಕಿಗೆ ಒಂದು ದಿನ, ಮಾರುಕಟ್ಟೆಗೆ ಇನ್ನೊಂದು ದಿನ ಎಂದು ಇಟ್ಟುಕೊಂಡರೆ ಜಗಳವಿಲ್ಲ.

ಕೆರೆಯ ಹತ್ತಿರ ಬಂದಾಗ ಮುಖಕ್ಕೆ ತಂಪು ತಟ್ಟುತ್ತದೆ. ಇದು ಬರೀ ನೀರಿನ ತಂಪಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ ತಗ್ಗಿನ ಕಡೆ ಹರಿದು ನಿಲ್ಲುತ್ತದೆ. ಅದರ ಮೇಲಿನ ಪದರ ತುಸು ಬೆಚ್ಚಗಿರುವುದರಿಂದ ಕೆಳಗಿನ ಗಾಳಿ ಮೇಲೇಳದೆ ಅಲ್ಲೇ ಉಳಿಯುತ್ತದೆ. ಹೂವಿನ ವಾಸನೆ, ಕಾಫಿ ಹುರಿಯುವ ವಾಸನೆ ಬೆಳಗಿನಲ್ಲಿ ದೂರದವರೆಗೆ ಕರಗದೆ ಬರುವುದು ಇದರಿಂದಲೇ. ಯಾರೋ ರಸ್ತೆ ಬದಿಯಲ್ಲಿ ತರಗೆಲೆ, ಪ್ಲಾಸ್ಟಿಕ್ ಸೇರಿಸಿ ಹಚ್ಚಿದ ಬೆಂಕಿಯ ಹೊಗೆಯೂ ಅದೇ ಕಾರಣಕ್ಕೆ ಮೂಗಿನ ಮಟ್ಟದಲ್ಲೇ ನಿಂತಿರುತ್ತದೆ. ಬೆಳಗಿನ ಗಾಳಿ ಶುದ್ಧವೆಂಬ ನಂಬಿಕೆ ಅರ್ಧ ಮಾತ್ರ ನಿಜ. ವಾಹನಗಳು ಕಡಿಮೆ ಎಂಬುದು ಸರಿ, ಆದರೆ ಇದ್ದ ಹೊಗೆ ಚದುರುವುದು ಬಿಸಿಲು ಏರಿದ ಮೇಲೆಯೇ. ಹೊಗೆ ಕಂಡ ಬೀದಿಯನ್ನು ಬಿಟ್ಟು ಪಕ್ಕದ ಬೀದಿ ಹಿಡಿಯುವುದು ಒಳ್ಳೆಯದು.

ಹುಣಸೂರು ರಸ್ತೆಯಲ್ಲಿ ಕಲಾಮಂದಿರ, ಮೆಟ್ರೊಪೋಲ್ ವೃತ್ತ ದಾಟಿ ಪೂರ್ವಕ್ಕೆ ಬರುವಾಗ ಜೊತೆಗೆ ಹೋಗುವ ಸೈಕಲ್ಲುಗಳನ್ನು ಗಮನಿಸಬೇಕು. ಹೆಲ್ಮೆಟ್ಟು, ಗೇರು, ಮಿನುಗುವ ಕೆಂಪು ದೀಪ ಇರುವವು ವ್ಯಾಯಾಮದ ಸೈಕಲ್ಲುಗಳು. ಕ್ಯಾರಿಯರಿನಲ್ಲಿ ಪತ್ರಿಕೆಗಳ ಕಟ್ಟು, ಹ್ಯಾಂಡಲಿನಲ್ಲಿ ಹಾಲಿನ ಚೀಲ, ಹಿಂದೆ ಟೀ ತುಂಬಿದ ಫ್ಲಾಸ್ಕು ಕಟ್ಟಿಕೊಂಡವು ದುಡಿಮೆಯ ಸೈಕಲ್ಲುಗಳು. ಇವಕ್ಕೆ ದೀಪ ಇರುವುದು ಅಪರೂಪ, ಗೇರಂತೂ ಇಲ್ಲ. ಊರಿನ ನಿಜವಾದ ಬೆಳಗಿನ ಸವಾರರು ಈ ಎರಡನೆಯವರು. ಅಂಗಡಿಗಳ ಜಗಲಿಯ ಮೇಲೆ ಪುರವಣಿ ಸೇರಿಸುತ್ತ ಕೂತ ಹುಡುಗರ ನಡುವೆ ರಾಜ್ಯದ ದೊಡ್ಡ ಪತ್ರಿಕೆಗಳಷ್ಟೇ ಅಲ್ಲ, ‘ಮೈಸೂರು ಮಿತ್ರ’, ‘ಆಂದೋಲನ’ದಂಥ ಊರಿನ ಪತ್ರಿಕೆಗಳ ಕಟ್ಟುಗಳೂ ಕಾಣುತ್ತವೆ. 1970ರಲ್ಲಿ ಶುರುವಾದ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ಹುಟ್ಟಿದ್ದೂ ಇದೇ ಊರಿನಲ್ಲಿ, ಅದು ಮಾತ್ರ ಬಹುಪಾಲು ಓದುಗರಿಗೆ ಅಂಚೆಯಲ್ಲಿ ಹೋಗುತ್ತದೆ. ಅದೇ ಹೊತ್ತಿಗೆ ಪೌರಕಾರ್ಮಿಕರ ಉದ್ದ ಕಡ್ಡಿಪೊರಕೆಯ ಸದ್ದು ಬೀದಿಯ ಈ ತುದಿಯಿಂದ ಆ ತುದಿಗೆ ಸರಿಯುತ್ತಿರುತ್ತದೆ. ಸ್ವಚ್ಛ ಸರ್ವೇಕ್ಷಣದ 2016ರ ಪಟ್ಟಿಯಲ್ಲಿ ಮೈಸೂರು ಮೊದಲ ಸ್ಥಾನ ಪಡೆದಿತ್ತು. ಆ ಸ್ಥಾನ ದಕ್ಕಿಸಿಕೊಟ್ಟ ಕೆಲಸ ಎಂಟು ಗಂಟೆಗೆ ಏಳುವವರಿಗೆ ಕಾಣುವಂಥದ್ದಲ್ಲ. ಗುಡಿಸಿ ಒಟ್ಟಿದ ಎಲೆಯ ರಾಶಿಯ ಮೇಲೆ ಸೈಕಲ್ ಹಾಯಿಸುವುದು ಕೆಟ್ಟ ಅಭ್ಯಾಸ.

ಸೈಕಲ್ಲು ಇಲ್ಲದವರು ಬಾಡಿಗೆಗೆ ಪಡೆಯುವ ವ್ಯವಸ್ಥೆ ದೇಶದಲ್ಲಿ ಮೊದಲು ಬೇರು ಬಿಟ್ಟ ಊರುಗಳಲ್ಲಿ ಮೈಸೂರೂ ಒಂದು. ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಯೋಜನೆ 2017ರ ಜೂನಿನಲ್ಲಿ 450 ಸೈಕಲ್ಲು, 48 ನಿಲ್ದಾಣಗಳೊಂದಿಗೆ ಇಲ್ಲಿ ಆರಂಭವಾಯಿತು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದೆಂಬುದು ಅದರ ಅನುಕೂಲ. ಅಂದಹಾಗೆ, ಮೈಸೂರಿನ ಅತಿ ಪ್ರಸಿದ್ಧ ಸೈಕಲ್ಲನ್ನು ಯಾರೂ ತುಳಿಯುವುದಿಲ್ಲ. 1948ರಲ್ಲಿ ಎನ್. ರಂಗರಾವ್ ಇಲ್ಲಿ ಶುರುಮಾಡಿದ ಅಗರಬತ್ತಿ ಉದ್ಯಮದ ಪೊಟ್ಟಣದ ಮೇಲೆ ಅದು ದೇಶದ ದೇವರಮನೆಗಳಿಗೆಲ್ಲ ಹೋಗಿಬಂದಿದೆ.

ಸಯ್ಯಾಜಿರಾವ್ ರಸ್ತೆಗೆ ಬಂದವರು ಮತ್ತೆ ನೀರಿನ ಮೇಲೆಯೇ ಸವಾರಿ ಮಾಡುತ್ತಿರುತ್ತಾರೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಊರಿಗೆ ಕಾವೇರಿ ನೀರು ತರಲೆಂದು ತೋಡಿಸಿದ ನಾಲೆ ಕೊನೆಗೆ ಊರಿನ ಕೊಳೆ ಹರಿಯುವ ಚರಂಡಿಯಾಗಿ ಉಳಿಯಿತು. 1880ರ ದಶಕದಲ್ಲಿ ಅದನ್ನು ಮುಚ್ಚಿ ಅಗಲವಾದ ರಸ್ತೆ ಮಾಡಿ, ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರಿಟ್ಟರು. 1897–98ರ ಪ್ಲೇಗಿನ ನಂತರ ಊರಿಗೆ ಗಾಳಿ ಬೆಳಕು ಬೇಕೆಂಬ ಚಿಂತನೆ ಗಟ್ಟಿಯಾಗಿ, 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿತು. ಹಳೆಯ ಬಡಾವಣೆಗಳ ನೇರ ರಸ್ತೆಗಳು, ಮನೆಗಳ ಹಿಂಬದಿಯ ಕಿರುಗಲ್ಲಿಗಳು ಆ ಕಾಲದ ಯೋಚನೆಯ ಫಲ. ಬೆಳಗಿನಲ್ಲಿ ಈ ಕಿರುಗಲ್ಲಿಗಳು ಬೆಕ್ಕುಗಳ ವಶದಲ್ಲಿರುತ್ತವೆ.

ದೇವರಾಜ ಮಾರುಕಟ್ಟೆ ಈ ರಸ್ತೆಯ ಮಗ್ಗುಲಿಗೇ ಇದೆ. ಮೈಸೂರು ಮಲ್ಲಿಗೆಯನ್ನು ಅರಳುವ ಮುಂಚೆ, ಮೊಗ್ಗಾಗಿರುವಾಗಲೇ, ನಸುಕಿನಲ್ಲಿ ಕೊಯ್ಯುತ್ತಾರೆ. ಆದ್ದರಿಂದ ಬೆಳಗಿನ ಬುಟ್ಟಿಯಲ್ಲಿ ಬಣ್ಣ ಹೆಚ್ಚು, ಪರಿಮಳ ಕಡಿಮೆ. ಅದು ಘಮ್ಮೆನ್ನುವುದು ಸಂಜೆ, ಮುಡಿಗೇರಿದ ಮೇಲೆ. ಬೆಳಗ್ಗೆ ಮೂಗಿಗೆ ಬರುವುದು ಹೆಚ್ಚಾಗಿ ಸುಗಂಧರಾಜ, ಸೇವಂತಿಗೆ, ಒದ್ದೆ ಗೋಣಿ ಮತ್ತು ವೀಳ್ಯದೆಲೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಇವುಗಳಲ್ಲಿ ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ಬಹಳ ಕಡಿಮೆಯಾಗಿದೆ, ಆದರೂ ವ್ಯಾಪಾರಿಯ ಬಾಯಲ್ಲಿ ಸುಮಾರಾದ ಬಾಳೆಹಣ್ಣೆಲ್ಲ ರಸಬಾಳೆಯೇ. 2016ರ ಆಗಸ್ಟಿನಲ್ಲಿ ಮಾರುಕಟ್ಟೆ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ಅಲ್ಲಿಂದ ಮುಂದೆ ಇದನ್ನು ದುರಸ್ತಿ ಮಾಡಬೇಕೆ, ಕೆಡವಿ ಕಟ್ಟಬೇಕೆ ಎಂಬ ವಿವಾದ ಹೈಕೋರ್ಟಿನವರೆಗೂ ಹೋಯಿತು. ಹೊಸಬರು ಇದನ್ನು ಇರುವ ಹಾಗೆ ಬೇಗ ನೋಡಿಕೊಳ್ಳುವುದು ಲೇಸು. ತೆಂಗಿನಕಾಯಿ ಚೀಲ ಹೊತ್ತವರ ಓಡಾಟ ಜೋರಾಗಿರುವ ಈ ಓಣಿಗಳಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೂ ಕಷ್ಟ, ಅದನ್ನು ಚಿಕ್ಕ ಗಡಿಯಾರದ ಬಳಿ ಬಿಟ್ಟು ಒಳಗೆ ಹೋಗಬಹುದು.

ದಸರೆಗೆ ಮುಂಚಿನ ಒಂದೂವರೆ ತಿಂಗಳು ಸಯ್ಯಾಜಿರಾವ್ ರಸ್ತೆಗೆ ಇನ್ನೊಂದು ಪ್ರಯೋಜನ ಸೇರಿಕೊಳ್ಳುತ್ತದೆ. ಮತ್ತಿಗೋಡು, ದುಬಾರೆ ಮುಂತಾದ ಶಿಬಿರಗಳಿಂದ ಬಂದ ಆನೆಗಳು ಅರಮನೆಯ ಆವರಣದಲ್ಲಿ ತಂಗಿ, ದಿನಾ ಬೆಳಗ್ಗೆ ಜಂಬೂಸವಾರಿಯ ದಾರಿಯಲ್ಲೇ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ತಾಲೀಮು ನಡೆಯುತ್ತವೆ. ಮೊದಲ ದಿನಗಳಲ್ಲಿ ಬರಿಬೆನ್ನು, ಆಮೇಲೆ ಮರಳಿನ ಮೂಟೆ, ಕೊನೆಗೆ ಮರದ ಅಂಬಾರಿ. ವಿಜಯದಶಮಿಯಂದು ಹೊರಬೇಕಾದ ಚಿನ್ನದ ಅಂಬಾರಿಯ ತೂಕ ಸುಮಾರು 750 ಕೆ.ಜಿ. 2020ರಿಂದ ಆ ಜವಾಬ್ದಾರಿ ಹೊತ್ತ ಆನೆ ಅಭಿಮನ್ಯು. ದಸರೆಯ ದಿನ ಜನರ ತಲೆಗಳ ಮಧ್ಯೆ ಇಣುಕಿ ನೋಡಬೇಕಾದ ಆನೆಗಳನ್ನು ಆಗಸ್ಟ್, ಸೆಪ್ಟೆಂಬರಿನ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಕಣ್ತುಂಬ ನೋಡಬಹುದು. ನೋಡುವವರು ಬೆಲ್ಲು ಬಾರಿಸಬಾರದು, ಪಕ್ಕದಿಂದ ಹಿಂದಿಕ್ಕಿ ಹೋಗಬಾರದು, ಸೈಕಲ್ಲಿನಿಂದ ಇಳಿದು ರಸ್ತೆಯ ಅಂಚಿಗೆ ನಿಲ್ಲಬೇಕು. ಮಾವುತರು, ಕಾವಾಡಿಗಳು ಕೈಸನ್ನೆ ಮಾಡಿದರೆ ಅದೇ ಅಂತಿಮ.

ಇದೇ ಹೊತ್ತಿನಲ್ಲಿ ಊರಿನ ದನಿಗಳು ಒಂದರ ಮೇಲೊಂದು ಬರುತ್ತವೆ. ಅಶೋಕ ರಸ್ತೆಯ ಕಡೆಯ ಮಸೀದಿಗಳ ಆಜಾನ್ ಕತ್ತಲಿರುವಾಗಲೇ ಮುಗಿದಿರುತ್ತದೆ. ಅರಮನೆ ಸುತ್ತಲಿನ ದೇವಸ್ಥಾನಗಳ ಸುಪ್ರಭಾತ, ಸೇಂಟ್ ಫಿಲೋಮಿನಾ ಚರ್ಚಿನ ಗಂಟೆ, ರೈಲು ನಿಲ್ದಾಣದ ಕಡೆಯಿಂದ ಎಂಜಿನ್ನಿನ ಕೂಗು ಅನಂತರದವು. ಈ ದನಿಗಳ ನಡುವೆ ಅರಮನೆಯತ್ತ ಬಂದರೆ, 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆಯ ನೌಕರರು ಕಟ್ಟಿಸಿದ ದೊಡ್ಡ ಗಡಿಯಾರ ಪುರಭವನದ ಬಳಿ, ಅರಮನೆಯ ಉತ್ತರ ದ್ವಾರದ ಎದುರಿಗೇ ಸಿಗುತ್ತದೆ.

ಅರಮನೆಯಿಂದ ಬೆಟ್ಟದ ಕಡೆ ಹೊರಟ ಕೂಡಲೇ ರಸ್ತೆ ತಗ್ಗಿಗೆ ಇಳಿದು ಚಳಿ ಇದ್ದಕ್ಕಿದ್ದಂತೆ ಹೆಚ್ಚಾಗುತ್ತದೆ. ಕಾರಣ ಸರಳ. ಕೋಟೆಗೂ ಬೆಟ್ಟಕ್ಕೂ ನಡುವೆ ಒಂದು ಕಾಲಕ್ಕೆ ದೊಡ್ಡಕೆರೆ ಇತ್ತು. ಇಂದು ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಅದರ ಅಂಗಳ. ನೀರು ಹೋದರೂ ತಗ್ಗು ಹೋಗಿಲ್ಲ, ತಂಪುಗಾಳಿ ಹಳೆಯ ಅಭ್ಯಾಸದಂತೆ ಅಲ್ಲಿಗೇ ಬಂದು ತಂಗುತ್ತದೆ. ಮಹಾತ್ಮ ಗಾಂಧಿ ರಸ್ತೆಯ ತರಕಾರಿ ವ್ಯಾಪಾರವೂ ಇದೇ ಆಸುಪಾಸಿನದು. ಸುತ್ತಲ ಹಳ್ಳಿಗಳಿಂದ ಬಂದ ಸೊಪ್ಪು ಇಲ್ಲಿ ಬೆಳಗ್ಗೆ ನೆಲದ ಮೇಲೇ ಇರುತ್ತದೆ: ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ. ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಳ್ಳುವವರಿಗೆ ಇದು ಬಹಳ ಅಗ್ಗದ ಜಾಗ.

ಚಾಮುಂಡಿ ಬೆಟ್ಟದ ನೆತ್ತಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ, ಊರು ಸುಮಾರು 760 ಮೀಟರಿನಲ್ಲಿ. ಉಳಿದ 300 ಮೀಟರನ್ನು ತುಳಿದೇ ಏರಬೇಕು. ಸವಾರ ಮತ್ತು ಸೈಕಲ್ಲಿನ ತೂಕ ಸೇರಿ 80 ಕೆ.ಜಿ. ಎಂದುಕೊಂಡರೆ, ಇಷ್ಟನ್ನು ಮೇಲಕ್ಕೆತ್ತಲು ಬೇಕಾದ ಶಕ್ತಿ ಸುಮಾರು 56 ಕಿಲೊಕ್ಯಾಲೊರಿ. ಆದರೆ ಮೈ ತಿಂದ ಅನ್ನದ ಶಕ್ತಿಯಲ್ಲಿ ಕಾಲುಭಾಗಕ್ಕಿಂತಲೂ ಕಡಿಮೆಯನ್ನೇ ಪೆಡಲಿಗೆ ಕೊಡುತ್ತದೆ, ಉಳಿದದ್ದು ಬೆವರಾಗಿ, ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಏರುವಷ್ಟರಲ್ಲಿ ಖರ್ಚಾಗುವುದು 250ರ ಆಸುಪಾಸು. ಇಳಿದ ಮೇಲೆ ನಜರ್‌ಬಾದಿನ ಮೈಲಾರಿ ಹೋಟೆಲಿನಲ್ಲಿ ಎರಡು ಬೆಣ್ಣೆ ದೋಸೆ ತಿಂದರೆ ಲೆಕ್ಕ ಚುಕ್ತಾ ಆಗಿ ಮೇಲೆ ಬಾಕಿಯೂ ಬೀಳುತ್ತದೆ.

ಗೇರಿಲ್ಲದ ಸೈಕಲ್ಲಿನಲ್ಲಿ ಈ ಏರನ್ನು ಹತ್ತುವುದು ಹಟದ ಮಾತು. ತಿರುವುಗಳಲ್ಲಿ ಇಳಿದು ತಳ್ಳಿದರೆ ಅವಮಾನವೇನಿಲ್ಲ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳ ದಾರಿಯಲ್ಲಿ ಭಕ್ತರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಇದಕ್ಕಿಂತ ನಿಧಾನವಾಗಿ ಏರುತ್ತಾರೆ. ಮೆಟ್ಟಿಲ ದಾರಿಯ ನಡುವೆ ಕೂತಿರುವ ಏಕಶಿಲೆಯ ನಂದಿಯೂ ಅದೇ ಒಡೆಯರ ಕಾಲದ್ದು. 2021ರ ಅಕ್ಟೋಬರಿನ ಮಳೆಯಲ್ಲಿ ನಂದಿಗೆ ಹೋಗುವ ರಸ್ತೆ ಕುಸಿದಿತ್ತು. ಮಳೆಗಾಲದಲ್ಲಿ ಈ ಬೆಟ್ಟದ ರಸ್ತೆಗಳ ಅಂಚು ನಂಬುವಂಥದ್ದಲ್ಲ.

ಮೇಲಿನ ತಿರುವುಗಳಿಂದ ಊರಿನ ನಕ್ಷೆ ಪೂರ್ತಿ ಕಾಣುತ್ತದೆ. ಬುಡದಲ್ಲಿ ರೇಸ್‌ಕೋರ್ಸಿನ ಸುತ್ತು, ಅದರಾಚೆ ಕಾರಂಜಿ ಕೆರೆ, ಪೂರ್ವಕ್ಕೆ 1921ರಲ್ಲಿ ಅಡಿಗಲ್ಲು ಹಾಕಿದ ಬಿಳಿಯ ಲಲಿತಮಹಲು, ನಡುವೆ ಅರಮನೆ, ಅದರ ಹಿಂದೆ ಚರ್ಚಿನ ಜೋಡಿ ಗೋಪುರ. ಡಿಸೆಂಬರ್, ಜನವರಿಯ ಕೆಲವು ಬೆಳಗ್ಗೆ ಇವೆಲ್ಲ ಮಂಜಿನಡಿ ಮುಳುಗಿ ಬೆಟ್ಟ ಮಾತ್ರ ಬಿಸಿಲಿನಲ್ಲಿರುತ್ತದೆ. ಹಿಂದೆ ವಿವರಿಸಿದ ತಂಪುಗಾಳಿಯ ಪದರವನ್ನು ಕಣ್ಣಿನಿಂದಲೇ ನೋಡಬೇಕೆಂದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಳಿಯುವಾಗ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು, ಒಂದೇ ಸಮನೆ ಒತ್ತಿದರೆ ರಿಮ್ಮು ಕಾಯುತ್ತದೆ. ಬೆಟ್ಟದ ಕೋತಿಗಳಿಗೆ ಹ್ಯಾಂಡಲಿಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದ ಮೇಲೆ ವಿಶೇಷ ಪ್ರೀತಿ.

ಮರಗಳ ಲೆಕ್ಕಕ್ಕೆ ವರ್ಷವಿಡೀ ಬೇಕು. ಜನವರಿ ಫೆಬ್ರವರಿಯಲ್ಲಿ ಟಬೂಬಿಯ, ಮಾರ್ಚ್ ಏಪ್ರಿಲಿನಲ್ಲಿ ಜಕರಾಂಡ ಮತ್ತು ಹೊಂಗೆ, ಮೇ ತಿಂಗಳಿಗೆ ಗುಲ್‌ಮೊಹರ್. ಇವುಗಳಲ್ಲಿ ಹೊಂಗೆಯನ್ನು ಬಿಟ್ಟರೆ ಉಳಿದವು ಕಡಲಾಚೆಯವು: ಗುಲ್‌ಮೊಹರ್ ಮಡಗಾಸ್ಕರಿನದು, ಟಬೂಬಿಯ ಮತ್ತು ಜಕರಾಂಡ ಅಮೆರಿಕ ಖಂಡದವು. ಹೊಂಗೆಯ ಹೂ ಉದುರಿದ ರಸ್ತೆ ಅರಳು ಚೆಲ್ಲಿದ ಹಾಗೆ ಕಾಣುತ್ತದೆ. ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆಯ ಸರದಿ. ರಾತ್ರಿ ಪತಂಗಗಳಿಗಾಗಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುವ ಈ ಹೂ ಪೌರಕಾರ್ಮಿಕರ ಪೊರಕೆಗೆ ಮುಂಚೆ ಹೋದವರಿಗೆ ಮಾತ್ರ ರಸ್ತೆಯ ಮೇಲೆ ಸಿಗುತ್ತದೆ. ಮಳೆಮರ ಇನ್ನೂ ವಿಚಿತ್ರ. ಅದರ ಎಲೆಗಳು ರಾತ್ರಿ ಮಡಚಿಕೊಂಡು ಬೆಳಕಾದ ಮೇಲೆ ಬಿಚ್ಚಿಕೊಳ್ಳುತ್ತವೆ. ಹೋಗುವಾಗ ಕೊಂಬೆಗಳ ನಡುವೆ ಆಕಾಶ ಕಂಡ ರಸ್ತೆಯಲ್ಲೇ ಬರುವಾಗ ಗಟ್ಟಿ ನೆರಳಿರುತ್ತದೆ.

ಕೆಲವು ವ್ಯವಹಾರದ ಮಾತುಗಳು ಉಳಿದಿವೆ. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲಿ. ದೀಪವಿಲ್ಲದ ಸೈಕಲ್ಲನ್ನೂ ಡಬಲ್ ರೈಡನ್ನೂ ಪೊಲೀಸರು ಹಿಡಿಯುತ್ತಿದ್ದ ಕಾಲ ಹೋಗಿದೆ, ಅಪಾಯ ಹೋಗಿಲ್ಲ. ನಸುಕಿನಲ್ಲಿ ಬೀದಿನಾಯಿಗಳು ಗುಂಪಾಗಿರುತ್ತವೆ ಮತ್ತು ಓಡುವ ಚಕ್ರವನ್ನೇ ಅಟ್ಟುತ್ತವೆ. ಜೋರಾಗಿ ತುಳಿಯುವುದಕ್ಕಿಂತ ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಇಟ್ಟುಕೊಂಡು ನಡೆದರೆ ಅವು ಹೆಚ್ಚಾಗಿ ಸುಮ್ಮನಾಗುತ್ತವೆ. ಪಂಚರ್ ಅಂಗಡಿಗಳು ಇಷ್ಟು ಬೇಗ ತೆಗೆಯುವುದಿಲ್ಲವಾದ್ದರಿಂದ ಸಣ್ಣ ಪಂಪು, ಒಂದು ಟ್ಯೂಬು ಜೊತೆಗಿರಬೇಕು.

ಕುವೆಂಪುನಗರ, ರಾಮಕೃಷ್ಣನಗರದ ಕಡೆ ಇರುವವರಿಗೆ ಅರಮನೆಯ ದಾರಿ ದೂರವಾಗುತ್ತದೆ. ಅವರಿಗೆ ಲಿಂಗಾಂಬುಧಿ ಕೆರೆ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ ಈ ಕೆರೆ ಕುಕ್ಕರಹಳ್ಳಿಗಿಂತ ಹಳೆಯದು, ಅಲ್ಲಿ ನವಿಲಿನ ಕೂಗು ಸಾಮಾನ್ಯ. ಅಲ್ಲಿಂದ ಊರಿನ ಕಡೆ ಮರಳುವಾಗ ಸೂರ್ಯ ನೇರ ಎದುರಿಗಿರುತ್ತಾನೆ. ಸವಾರರ ಕಣ್ಣು ಕುಕ್ಕುವಂತೆ ಹಿಂದಿನಿಂದ ಬರುವ ಬಸ್ಸು, ಕಾರುಗಳ ಚಾಲಕರ ಕಣ್ಣೂ ಕುಕ್ಕುತ್ತದೆ. ತಿಳಿಬಣ್ಣದ ಅಂಗಿ ತೊಟ್ಟು, ರಸ್ತೆಯ ಎಡ ಅಂಚು ಬಿಡದೆ ಬರಬೇಕು.

ಇತಿ,
ಸರಸ್ವತಿಪುರಂನ ಒಬ್ಬ ಸೈಕಲ್ ಸವಾರ